ಮುದ್ದೆಯ ಜೊತೆ ಹೋದ ಬ್ರಿಡ್ಜು

ತಪ್ಪು ನನ್ನದೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹಾಸನದ ಹಲ್ಲಿನ ಡಾಕ್ಟರಮ್ಮ, "ಗಟ್ಟಿ ಪದಾರ್ಥ ಅಗೀಬೇಡಿ, ಅಂಟೋದು ತಿನ್ನಬೇಡಿ" ಎಂದು ಬಿಡಿಸಿ ಹೇಳಿದ್ದರು. ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ಆದ್ದರಿಂದ ಅದು ಲೆಕ್ಕಕ್ಕಿಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ.

ಬೈಕಿನಿಂದ ಬಿದ್ದು ಮುಂದಿನದೊಂದು ಹಲ್ಲು ಕೊಣನೂರು ರಸ್ತೆಯ ಪಾಲಾಗಿತ್ತು. ಅಕ್ಕಪಕ್ಕದ ಹಲ್ಲುಗಳನ್ನು ಉಜ್ಜಿ ಸಣ್ಣ ಮಾಡಿ, ಮೂರಕ್ಕೂ ಸೇರಿಸಿ ಒಂದೇ ಬ್ರಿಡ್ಜ್, ಅಂದರೆ ಕಟ್ಟಿಸಿದ ಹಲ್ಲಿನ ಸಾಲು, ಕೂರಿಸಿದ್ದರು. ಹೊಂದುತ್ತದೋ ಇಲ್ಲವೋ ನೋಡಲು ಸದ್ಯಕ್ಕೆ ಹಂಗಾಮಿ ಸಿಮೆಂಟು. ಗುರುವಾರ ಮಧ್ಯಾಹ್ನ ಹಳೇಕೋಟೆಯ ನಮ್ಮ ಮನೆಯಲ್ಲಿ ಉಪ್ಸಾರಿನಲ್ಲಿ ಅದ್ದಿದ ದೊಡ್ಡ ತುತ್ತೊಂದು ಗಂಟಲಿಳಿಯಿತು. ನಾಲಿಗೆ ಮುಂದಕ್ಕೆ ಹೋದರೆ ಅಲ್ಲಿ ಬರೀ ಗಾಳಿ.

ತಟ್ಟೆ ಎತ್ತಿ ನೋಡಿದೆ. ಸಾರನ್ನು ಬೆರಳಲ್ಲಿ ಕಲಕಿದೆ.

"ಏನ್ಲಾ ಉಡುಕ್ತಿದ್ದೀಯ?" ಎಂದಳು ಅವ್ವ.

"ಅಲ್ಲು ಕಣವ್ವ."

"ನುಂಗ್ಬುಟ್ಯಾ? ಊರೋರ್ನೆಲ್ಲಾ ಅಣಕುಸ್ತಿದ್ದೆ. ಈಗ ನಿನ್ ಅಲ್ಲೇ ಒಟ್ಟೇಲಿ ಕುಂತ್ಕಂಡು ನಿನ್ನ ಅಣಕುಸ್ತಾ ಐತೆ, ಕೇಳುಸ್ಕೊ."

ಭಾನುವಾರ ಚನ್ನರಾಯಪಟ್ಟಣದ ಆರತಕ್ಷತೆಯೊಂದರಲ್ಲಿ ನನ್ನ ಮಿಮಿಕ್ರಿ. ಗೆಳೆಯರ ಕಟ್ಟೆ ಬಿಟ್ಟು ಮೈಕು, ವೇದಿಕೆ ಎಂದು ಕರೆ ಬಂದದ್ದು ಅದೇ ಮೊದಲು. ಕನ್ನಡಿಯೆದುರು ನಿಂತು ಬಸ್ ಕಂಡಕ್ಟರನನ್ನು ಕರೆದೆ, ಟಿವಿ ಜ್ಯೋತಿಷಿಯನ್ನು ಕರೆದೆ. ಯಾರನ್ನು ಕರೆದರೂ ಬಂದವನು ಒಬ್ಬನೇ ಬೊಚ್ಚುಬಾಯಿ ಮುದುಕ. ಬಾಯಿ ತೆರೆದರಂತೂ ಸಾಕ್ಷಾತ್ ಇಲಿ.

ಅವತ್ತೇ ಹಾಸನದ ಬಸ್ಸು ಹತ್ತಿದೆ. ಎಕ್ಸ್‌ರೇಯಲ್ಲಿ ಬ್ರಿಡ್ಜು ಹೊಟ್ಟೆಯೊಳಗೆ ಹಾಯಾಗಿ ಮಲಗಿತ್ತು.

"ಉಸಿರಿನ ದಾರಿಗೆ ಹೋಗಿಲ್ಲ, ಪುಣ್ಯ. ತಾನಾಗೇ ಆಚೆ ಬರುತ್ತೆ. ಹೊಸದಕ್ಕೆ ಅಳತೆ ಕೊಟ್ಟರೆ ಲ್ಯಾಬಿನಿಂದ ಬರೋದು ಮುಂದಿನ ವಾರ," ಎಂದರು ಡಾಕ್ಟರಮ್ಮ.

"ಹಳೇದೇ ಸಿಕ್ಕಿದ್ರೆ ಮೇಡಂ?"

ಅವರು ನಗು ತಡೆದುಕೊಂಡರು. "ಶುದ್ಧ ಮಾಡಿ ಮತ್ತೆ ಅಂಟಿಸಬಹುದು. ಹಾಕಿಕೊಳ್ಳೋ ಮನಸ್ಸು ನಿಮಗಿರಬೇಕು, ಅಷ್ಟೆ."

ಮನಸ್ಸು ನನಗೆ ಬೇಕಾದಷ್ಟಿತ್ತು. ಶುಕ್ರವಾರವೆಲ್ಲ ಬಾಳೆಹಣ್ಣು, ನೀರು, ಮತ್ತೆ ಬಾಳೆಹಣ್ಣು. ಕೂತರೆ ಏಳಬೇಕು, ಎದ್ದರೆ ನಡೆಯಬೇಕು. ಕೊಟ್ಟಿಗೆಯಿಂದ ರಸ್ತೆಗೆ, ರಸ್ತೆಯಿಂದ ಕೊಟ್ಟಿಗೆಗೆ. ಹೊಟ್ಟೆ ಗುಡುಗುಡು ಎಂದರೆ ಕಡ್ಡಿ ಹಿಡಿದು ಹೊಲದ ಕಡೆಗೆ ಓಟ, ಬರಿಗೈಯಲ್ಲಿ ವಾಪಸ್ಸು. ನಾಲಿಗೆಗಂತೂ ಹಲ್ಲಿನ ಸಂದು ತಡವುವುದು ಬಿಟ್ಟು ಬೇರೆ ಕೆಲಸವೇ ಇಲ್ಲ. ಪಕ್ಕದ ಮನೆಯ ದೊಡ್ಡಪ್ಪ ಬೇಲಿಯಾಚೆಯಿಂದ ಕೂಗಿದರು:

"ಏನ್ ಮಗಾ, ಇನ್ನೂ ಎರಿಗೆ ಆಗ್ಲಿಲ್ವಾ?"

"ನೋವು ಬತ್ತೈತೆ ಒಯ್ತೈತೆ, ದೊಡ್ಡಪ್ಪ."

ಶನಿವಾರ ಬೆಳಿಗ್ಗೆ ಸಿಕ್ಕಿತು. ಸೋಪು, ಉಪ್ಪು, ಕುದಿಯುವ ನೀರು. ಮದುವೆ ಪಾತ್ರೆಯನ್ನೂ ಯಾರೂ ಹಾಗೆ ತೊಳೆದಿರಲಿಕ್ಕಿಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿ ಜೇಬಿಗಿಟ್ಟು ಹಾಸನಕ್ಕೆ ಹೊರಟೆ. ಬಾಗಿಲಲ್ಲಿ ಅವ್ವ ಅವರೆಕಾಯಿ ಬಿಡಿಸುತ್ತಿದ್ದಳು.

"ಡಾಕ್ಟ್ರೇ ಅಂಟುಸ್ತೀನಿ ಅಂದವ್ರೆ ಕಣವ್ವ. ಏನೂ ಆಗಾಕಿಲ್ವಂತೆ. ಆಕುಸ್ಕೊಂಡು ಬತ್ತೀನಿ."

ಆ ಬಸ್ಸನ್ನು ನಾನು ಹತ್ತಲೇ ಇಲ್ಲ. ಭಾನುವಾರ ಇಲಿಬಾಯಲ್ಲೇ ಮೈಕು ಹಿಡಿದೆ. ಯಾಕೆಂದರೆ ಅವ್ವ ಅವರೆಕಾಯಿಯಿಂದ ತಲೆ ಎತ್ತದೆ ಅಂದದ್ದಿಷ್ಟು:

"ಆಕುಸ್ಕೊ ಓಗಪ್ಪಾ, ಬ್ಯಾಡ ಅಂದೋರ್ಯಾರು? ಆ ಬಾಯಲ್ಲಿ ನನ್ನ ಅವ್ವಾ ಅಂತ ಮಾತ್ರ ಕರೀಬ್ಯಾಡ."