ಅಕ್ಕಾರ ಕೊಡ, ಕಾಕಾರ ಸಮುದ್ರ

ಹುಣಸೆಹಣ್ಣಿನ ಹುಳಿ ತಾಗಿದಾಗ ತಾಮ್ರದಿಂದ ಒಂದು ವಾಸನೆ ಏಳುತ್ತದೆ, ನಾಲಿಗೆಯ ತುದಿಗೆ ಹಳೆಯ ನಾಣ್ಯ ಇಟ್ಟುಕೊಂಡ ಹಾಗೆ. ಮೊನ್ನೆ ಹಿತ್ತಲಿನಲ್ಲಿ ಕೂತು ಕಿಲುಬು ಹಿಡಿದ ಕೊಡವೊಂದನ್ನು ತಿಕ್ಕುತ್ತಿದ್ದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈ ನಿಂತುಬಿಟ್ಟಿತು. ಲ್ಯಾಬಿನ ಕಾಕಾ ನೆನಪಾದರು. ನೆನಪಾದರು ಅನ್ನುವುದಕ್ಕಿಂತ ಸಿಟ್ಟು ಬಂತು ಅನ್ನಬೇಕು. ಯಾರ ಮೇಲೆ ಅಂತ ಇಷ್ಟು ವರ್ಷವಾದರೂ ನನಗೆ ಸರಿಯಾಗಿ ಗೊತ್ತಿಲ್ಲ...

ಶಿಗ್ಗಾವಿಯಲ್ಲಿ ನಮ್ಮದು ಔಷಧ ಅಂಗಡಿ. ಗೋಡೆಯಾಚೆ ಕಾಕಾರ ರಕ್ತ ಪರೀಕ್ಷೆಯ ಲ್ಯಾಬು, ಅದರ ಹಿಂದೆಯೇ ಅವರ ಮನೆ. ದುಂಡಸಿ, ಹಿರೇಬೆಂಡಿಗೇರಿ, ಬಂಕಾಪುರದಿಂದ ಜನ ಬೆಳಗಿನ ಮೊದಲ ಬಸ್ಸಿಗೆ ಬರಿಹೊಟ್ಟೆಯಲ್ಲಿ ಬಂದು ಅವರ ಬೆಂಚಿನ ಮೇಲೆ ಕೂರುತ್ತಿದ್ದರು. ದಾರಿಯಲ್ಲಿ ಕದ್ದು ಒಂದು ಗುಟುಕು ಚಹಾ ಕುಡಿದವರನ್ನೂ ಕಾಕಾ ಮುಖ ನೋಡಿಯೇ ಹಿಡಿದು, ನಾಳೆ ಬಾ ಎಂದು ವಾಪಸ್ ಅಟ್ಟುತ್ತಿದ್ದರು. ಬೈಗುಳ ತಿಂದವರೇ ಮರುದಿನ ಮತ್ತೆ ಬರುತ್ತಿದ್ದರು. ಕಾಕಾರ ಕಣ್ಣು ನೋಡಿದ್ದು ಸುಳ್ಳಾಗುವುದಿಲ್ಲ ಎಂಬ ನಂಬಿಕೆ ಸುತ್ತಿನ ಹಳ್ಳಿಗಳಲ್ಲೆಲ್ಲ ಇತ್ತು. ಆ ಮನುಷ್ಯನಿಗೆ ಇದ್ದ ಆಸ್ತಿಯೆಂದರೆ ಅದೊಂದೇ.

ಬೆಂಚಿನ ಎದುರಿಗೆ ಒಂದು ಗಾಜಿನ ಪೆಟ್ಟಿಗೆ ಇತ್ತು. ನಾಲ್ಕೈದು ಕೊಡ ನೀರು ಹಿಡಿಯುವಷ್ಟು ಸಣ್ಣದು. ಊರಿನ ಉಳಿದ ಮೀನಿನ ಪೆಟ್ಟಿಗೆಗಳಲ್ಲಿ ಇರುವುದು ಸಿಹಿನೀರು. ಇದರಲ್ಲಿ ಇದ್ದದ್ದು ಸಮುದ್ರ! ಹುಬ್ಬಳ್ಳಿಯ ಗೆಳೆಯರೊಬ್ಬರು ತಮ್ಮ ಪೆಟ್ಟಿಗೆಯಲ್ಲಿ ಬೆಳೆಸಿದ್ದ ಮೆತ್ತನೆಯ ಹವಳದ ತುಣುಕುಗಳನ್ನು ಕೊಟ್ಟಿದ್ದರು. ಅವು ಬೆಳಕು ಹಚ್ಚಿದ ಕೂಡಲೇ ಸಾವಿರ ಬೆರಳು ಬಿಡಿಸಿ ಆಡುತ್ತಿದ್ದವು. ಬಿಳಿ ಪಟ್ಟಿಯ ಎರಡು ಕೇಸರಿ ಮೀನು, ನಾಲ್ಕಾರು ಬಸವನಹುಳು, ಉದ್ದ ಮೀಸೆಯ ಒಂದು ಕೆಂಪು ಸೀಗಡಿ. ಸೂಜಿಗೆ ಹೆದರಿ ಅಳುವ ಮಕ್ಕಳು ಅದರ ಮುಂದೆ ನಿಂತರೆ ಅಳುವುದನ್ನೇ ಮರೆಯುತ್ತಿದ್ದರು.

ನೋಡಲು ಚಂದ, ಸಾಕಲು ಮಾತ್ರ ಹೆಣಗಾಟ. ಮಧ್ಯಾಹ್ನ ಲ್ಯಾಬು ಖಾಲಿಯಾದ ಮೇಲೆ ಕಾಕಾ ಆ ನೀರಿನ ಪರೀಕ್ಷೆಗೆ ಕೂರುತ್ತಿದ್ದರು. ದುರ್ಬೀನಿನಂಥ ಒಂದು ಸಣ್ಣ ಉಪಕರಣದ ಗಾಜಿಗೆ ಒಂದು ಹನಿ ನೀರು ಹಾಕಿ, ಕಣ್ಣಿಗೆ ಹಿಡಿದು, ಒಳಗಿನ ಗೆರೆಯಲ್ಲಿ ಉಪ್ಪು ಎಷ್ಟಿದೆ ಓದುತ್ತಿದ್ದರು. ಆಮೇಲೆ ನಳಿಕೆಯಲ್ಲಿ ನೀರು ಹಿಡಿದು ಔಷಧದ ಹನಿ ಬಿಡುತ್ತ ಹೋಗುವುದು, ನೀಲಿ ಹಳದಿಯಾಗುವವರೆಗೆ. ಹವಳ ಮೈ ಕಟ್ಟಿಕೊಳ್ಳಲು ನೀರಿನಲ್ಲಿರುವ ಸುಣ್ಣ ಎಳೆಯುತ್ತದಂತೆ. ಎಳೆದಷ್ಟನ್ನು ನಾವು ತುಂಬಿಕೊಡಬೇಕಂತೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ಹಾಗಾಗಿ ನೀರು ಇಳಿದಂತೆ ಬರೀ ಸಿಹಿನೀರು ಹಾಕಬೇಕು. ಬೋರಿನ ಸವಳು ನೀರು ಆಗದು, ಫಿಲ್ಟರಿನಲ್ಲಿ ಸೋಸಿ ಕ್ಯಾನಿನಲ್ಲಿ ತುಂಬಿಟ್ಟದ್ದೇ ಆಗಬೇಕು.

"ಈ ನೀರಿಗೂ ಸಕ್ಕರಿ ರೋಗ ಇದ್ದಂಗ ಅದ ತಂಗಿ. ದಿನಾ ನೋಡಿದ್ರ ಏನೂ ಆಗಂಗಿಲ್ಲ, ಒಂದು ವಾರ ಬಿಟ್ರ ಕೈ ಕೊಡ್ತದ" ಎನ್ನುತ್ತಿದ್ದರು.

ಈ ಪೆಟ್ಟಿಗೆ ಬಂದ ಹೊಸದರಲ್ಲಿ ಮನೆಯೊಳಗೆ ದೊಡ್ಡ ರಾದ್ಧಾಂತವಾಗಿತ್ತು. ವೈಷ್ಣವರ ಮನೆ, ಮಡಿ, ಪೂಜೆ, ಏಕಾದಶಿ. ಮೀನೆಂಬ ಶಬ್ದವೂ ಹೊಸ್ತಿಲು ದಾಟಿರದ ಮನೆ. ಮನೆ ನಡೆಸುತ್ತಿದ್ದವರು ಕಾಕಾರ ಅಕ್ಕ, ಓಣಿಗೆಲ್ಲ 'ಅಕ್ಕಾರು'. ಸವಣೂರಿಗೆ ಕೊಟ್ಟಿದ್ದರಂತೆ. ಮದುವೆಯಾದ ವರ್ಷದೊಳಗೆ ಗಂಡ ತೀರಿಕೊಂಡ. ಈಕೆ ಮುಟ್ಟಿದ್ದು ಉಳಿಯುವುದಿಲ್ಲ ಎಂದು ಗಂಡನ ಮನೆಯವರು ಹೇಳಿ ತವರಿಗೆ ಕಳಿಸಿದರು. ಆ ಮಾತನ್ನು ಆಡಿದವರು ಮರೆತಿರಬಹುದು, ಅಕ್ಕಾರು ಮರೆಯಲಿಲ್ಲ. ತಬ್ಬಲಿಯಾಗಿದ್ದ ತಮ್ಮನನ್ನು ಸಾಕಿ ಓದಿಸಿದ್ದು ಅವರೇ. ಆದರೂ ಒಂದು ತುಳಸಿ ಸಸಿಯನ್ನು ತಮ್ಮ ಕೈಯಿಂದ ನೆಟ್ಟವರಲ್ಲ. ಓಣಿಯಲ್ಲಿ ಕೂಸು ಹುಟ್ಟಿದರೆ ದೂರ ನಿಂತು ನೋಡಿ ಬರುತ್ತಿದ್ದರು. "ನನ್ನ ಕೈಗುಣ ಚೊಲೋ ಇಲ್ಲವಾ" ಎಂದು ಸುಮ್ಮನೆ, ಊಟ ಆಯಿತು ಎಂದು ಹೇಳುವ ದನಿಯಲ್ಲೇ ಹೇಳುತ್ತಿದ್ದರು. ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತಿತ್ತು.

ಅಂಥವರನ್ನು ಒಲಿಸಿಕೊಂಡದ್ದು ಆ ಸೀಗಡಿ. ಒಂದು ದಿನ ಕಾಕಾ ಹಟ ಮಾಡಿ ಅಕ್ಕನ ಕೈಯನ್ನು ನೀರಿನಲ್ಲಿ ಅದ್ದಿಸಿದರು. ಸೀಗಡಿ ಮೀಸೆ ಆಡಿಸುತ್ತ ಬಂದು ಬೆರಳೇರಿ ಉಗುರಿನ ಸಂದಿಯನ್ನೆಲ್ಲ ಚೊಕ್ಕ ಮಾಡತೊಡಗಿತು. ಅಕ್ಕಾರು ಚಿಕ್ಕ ಹುಡುಗಿಯ ಹಾಗೆ ಕಿಲಕಿಲ ನಕ್ಕದ್ದನ್ನು ಗೋಡೆಯಾಚೆಯಿಂದ ನಾನೇ ಕೇಳಿದ್ದೇನೆ. ಅಂದಿನಿಂದ ಇಳಿದ ನೀರು ತುಂಬುವ ಕೆಲಸ ಅವರದಾಯಿತು. ಆ ಬೇಸಿಗೆಯಲ್ಲಿ ಹವಳ ಕಲ್ಲಿನ ತುಂಬ ಹರಡಿಕೊಂಡಿತು. ಕಾಕಾ ಬೆಂಚಿನ ಮೇಲಿದ್ದವರಿಗೆಲ್ಲ ಕೇಳುವಂತೆ, "ನೋಡ್ರಿ, ಇದು ನಮ್ಮ ಅಕ್ಕನ ಕೈಗುಣ!" ಎನ್ನುತ್ತಿದ್ದರು. ಅಕ್ಕಾರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋಗಿಬಿಡುತ್ತಿದ್ದರು. ಆಮೇಲೆ ಒಂದು ದಿನ ನಮ್ಮ ಅಂಗಡಿಯ ಮುಂದಿನ ಕುಂಡದಲ್ಲಿ ಅವರೇ ಒಂದು ತುಳಸಿ ನೆಟ್ಟು ಹೋದರು.

ಒಮ್ಮೆ ನಾನೂ ಕೈ ಅದ್ದಲು ಹೋಗಿದ್ದೆ. ಕಾಕಾ ಚೀರಿದರು. ನನ್ನ ಬೆರಳಲ್ಲಿ ಉಷ್ಣಕ್ಕೆಂದು ಹಾಕಿಕೊಂಡಿದ್ದ ತಾಮ್ರದ ಉಂಗುರ ಇತ್ತು. ತಾಮ್ರದ ಸೋಂಕು ನೀರಿಗೆ ಇಳಿದರೆ ಮೀನು ತಡೆದುಕೊಂಡೀತು, ಸೀಗಡಿ, ಹುಳು, ಹವಳ ಉಳಿಯುವುದಿಲ್ಲ ಎಂದರು. ಕೈಗೆ ಏನಾದರೂ ಹಾಕಿಕೊಂಡವರಿಗೆಲ್ಲ ಅವರು ಹೀಗೆ ಹೇಳಿ ಬಿಚ್ಚಿಸುತ್ತಿದ್ದರು. ಅಕ್ಕಾರ ಕೈಯಲ್ಲಿ ಉಂಗುರ ಇರಲಿಲ್ಲ, ಬಳೆ ಇರಲಿಲ್ಲ. ಅವರಿಗೆ ಆ ಮಾತು ಹೇಳುವ ಪ್ರಸಂಗವೇ ಬರಲಿಲ್ಲ.

ಮರುವರ್ಷದ ಬೇಸಿಗೆಗೆ ಕಾಕಾರ ಕಣ್ಣಿಗೆ ಪೊರೆ ಬಂತು. ಪೂರ್ತಿ ಮಸುಕಾಗುವವರೆಗೆ ಕಾಯುವ ಪೈಕಿ ಅವರಲ್ಲ, ಶುರುವಿನಲ್ಲೇ ಲ್ಯಾಬಿಗೆ ಬೀಗ ಹಾಕಿ ಹುಬ್ಬಳ್ಳಿಗೆ ಆಪರೇಷನ್ನಿಗೆ ಹೋದರು. ಹೋಗುವ ಮುಂಚೆ ನೀರು ಬದಲಿಸಿ, ಉಪ್ಪು ಸರಿಮಾಡಿ, ಕ್ಯಾನುಗಳನ್ನು ತುಂಬಿಟ್ಟರು. ಬಿಸಿಲು ಎಂಥದಿತ್ತೆಂದರೆ ಅಂದುಕೊಂಡದ್ದಕ್ಕಿಂತ ಬೇಗ ಕ್ಯಾನು ಬರಿದಾದವು. ಕರೆಂಟಿನ ಏರಿಳಿತಕ್ಕೆ ಫಿಲ್ಟರೂ ಸುಟ್ಟುಹೋಯಿತು. ಬೋರಿನ ನೀರು ಹಾಕಬಾರದು ಎಂಬುದು ಅಕ್ಕಾರಿಗೆ ಗೊತ್ತು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ ತಮ್ಮನಿಗೆ ಫೋನು ಮಾಡಿ ತೊಂದರೆ ಕೊಡುವುದು ಬೇಡ ಅನ್ನಿಸಿರಬೇಕು. ಹಿತ್ತಲಿನ ಸಿಹಿನೀರ ಬಾವಿಯಿಂದ ಮಡಿಯಲ್ಲಿ ಸೇದಿ, ಹುಣಸೆಹಣ್ಣು ಹಚ್ಚಿ ಫಳಫಳ ಬೆಳಗಿದ ತಾಮ್ರದ ಕೊಡದಲ್ಲಿ ರಾತ್ರಿಯಿಡೀ ಇಟ್ಟ ನೀರು, ದೇವರ ಅಭಿಷೇಕದ ನೀರು. ಮನೆಯಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯ ನೀರನ್ನು ಅವರು ದಿನವೂ ಪೆಟ್ಟಿಗೆಗೆ ಹಾಕಿದರು.

ಕಾಕಾ ಕರಿ ಕನ್ನಡಕ ಹಾಕಿಕೊಂಡು ಮರಳಿದ ಬೆಳಿಗ್ಗೆ ಬೆಂಚಿನ ತುಂಬ ಜನ. ನಾನೂ ಮಾತಾಡಿಸಲು ಹೋಗಿದ್ದೆ. ಹವಳ ಮುದುಡಿ ಕಲ್ಲಿನಿಂದ ಕಳಚಿ ಬಿದ್ದಿತ್ತು. ಬಸವನಹುಳುಗಳು ಮರಳಿನ ಮೇಲೆ ಅಂಗಾತ ಬಿದ್ದಿದ್ದವು. ಸೀಗಡಿ ಒಂದು ಮೂಲೆಯಲ್ಲಿ ಪಕ್ಕಕ್ಕೆ ಮಲಗಿತ್ತು, ಮೀಸೆ ಆಡುತ್ತಿರಲಿಲ್ಲ. ಮೀನುಗಳೆರಡೂ ಮಾತ್ರ ಏನೂ ಆಗಿಲ್ಲವೆಂಬಂತೆ ಓಡಾಡಿಕೊಂಡಿದ್ದವು. ಕಾಕಾ ಕನ್ನಡಕ ತೆಗೆದು ಮೊದಲು ಮೀನು ನೋಡಿದರು. ಆಮೇಲೆ ಪಕ್ಕದ ಸ್ಟೂಲಿನ ಮೇಲಿದ್ದ ತಾಮ್ರದ ಕೊಡ ನೋಡಿದರು. ಅವರ ಕೈ ಕೊಡದ ಅಂಚಿನ ಮೇಲೆ ಸ್ವಲ್ಪ ಹೊತ್ತು ಇತ್ತು. ನನಗೆ ನನ್ನ ತಾಮ್ರದ ಉಂಗುರ ನೆನಪಾಯಿತು.

ಒಳಬಾಗಿಲಲ್ಲಿ ಅಕ್ಕಾರು ನಿಂತಿದ್ದರು. ಎರಡೂ ಕೈಯನ್ನು ಸೆರಗಿನಲ್ಲಿ ಅಡಗಿಸಿಕೊಂಡಿದ್ದರು. "ನಿನ್ನೆಯಿಂದ ಹಿಂಗಾಗೇದಪ್ಪಾ... ನಾ ಮುಟ್ಟಬಾರದಿತ್ತು. ಮತ್ತ ನನ್ನ ಕೈ..." ಎಂದರು.

ಕಾಕಾ ಅವರ ಮಾತು ಮುಗಿಯಗೊಡಲಿಲ್ಲ. ಬೆಂಚಿನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, "ನಿಂದೇನೂ ಇಲ್ಲ ಅಕ್ಕಾ. ತಪ್ಪು ನಂದ. ಹೋಗೋ ಮುಂದ ಉಪ್ಪು ನಾನ ಹಾಕಿದ್ದೆ. ಕಣ್ಣಾಗ ಪೊರಿ ಇತ್ತಲ್ಲ, ಗೆರಿ ತಪ್ಪಿ ಓದೇನಿ" ಎಂದರು.

ಬೆಂಚಿನ ಮೇಲಿದ್ದ ಬಂಕಾಪುರದ ಒಬ್ಬ ರೈತ ಎದ್ದು, "ಹಂಗಾರ ಅವಾಗ ನೋಡಿದ ನನ್ನ ಸಕ್ಕರಿ ರಿಪೋರ್ಟು ಖರೇನೋ ಸುಳ್ಳೋ?" ಎಂದು ಕೇಳಿದ. ಕಾಕಾ ಕರಿ ಕನ್ನಡಕವನ್ನು ಮತ್ತೆ ಹಾಕಿಕೊಂಡರು.

ಆ ಮಧ್ಯಾಹ್ನ ಅವರು ನೀರಿನಲ್ಲಿ ತಾಮ್ರದ ಪರೀಕ್ಷೆ ಮಾಡಿದ್ದನ್ನೂ ನೋಡಿದೆ. ನಳಿಕೆಯಲ್ಲಿ ಬಣ್ಣ ತಿರುಗಿತು. ಕೂಡಲೇ ಅದನ್ನು ಮೋರಿಗೆ ಚೆಲ್ಲಿ, ನಳಿಕೆ ತೊಳೆದು ಬೋರಲು ಹಾಕಿ, "ತಂಗಿ, ನೀ ಏನೂ ನೋಡಿಲ್ಲ" ಎಂದರು.

ಊರಿನ ಬಾಯಿಗೆ ಅಷ್ಟು ಸಾಕಾಯಿತು. ಮೀನಿನ ನೀರು ನೋಡಲು ಬಾರದವರು ನಮ್ಮ ರಕ್ತ ಏನು ನೋಡಿಯಾರು ಎಂದು ನನ್ನ ಅಂಗಡಿಯ ಕಟ್ಟೆಯ ಮೇಲೆಯೇ ಆಡಿಕೊಂಡರು. ಬಸ್‌ಸ್ಟ್ಯಾಂಡ್ ಹತ್ತಿರ ಕಂಪ್ಯೂಟರಿನಲ್ಲಿ ರಿಪೋರ್ಟು ಕೊಡುವ ಹೊಸ ಲ್ಯಾಬೊಂದು ಅದೇ ಹೊತ್ತಿಗೆ ಶುರುವಾಯಿತು. ಕಾಕಾರ ಬೆಂಚು ಖಾಲಿಯಾಗುತ್ತ ಬಂತು. ಇದರಲ್ಲಿ ನನಗೆ ತಡೆಯಲಾಗದ್ದು ಇನ್ನೊಂದು. ಅಕ್ಕಾರು ಮಠಕ್ಕೆ ಹೋದಲ್ಲಿ, ಕಾಯಿಪಲ್ಯೆ ತರಲು ಹೋದಲ್ಲಿ, ತಮ್ಮನ ಪರ ವಹಿಸಿ, "ಪಾಪ, ಅವಾಗ ಅವಂಗ ಕಣ್ಣ ಕಾಣ್ತಿರಲಿಲ್ರಿ" ಎಂದು ಹೇಳಿಕೊಂಡು ಬರುತ್ತಿದ್ದರು. ಅವರ ಪ್ರೀತಿಯೇ ತಮ್ಮನ ಬೆಂಚಿನಿಂದ ಇನ್ನೊಬ್ಬರನ್ನು ಎಬ್ಬಿಸುತ್ತಿತ್ತು.

ಒಂದು ದಿನ ನಾನು ಜಗಳಕ್ಕೇ ಹೋದೆ. "ಹೇಳಿಬಿಡ್ರಿ ಕಾಕಾ. ಅವರೇನು ಬೇಕಂತ ಮಾಡ್ಯಾರೇನು? ಯಾರಿಗೆ ಗೊತ್ತಿರತೈತಿ ಇದು?"

ಕಾಕಾ ಖಾಲಿ ಬೆಂಚು ಒರೆಸುತ್ತಿದ್ದರು. "ನಿನಗ ತಾಮ್ರ ಕಾಣಸ್ತದ ತಂಗಿ. ಆಕೀಗೆ ಆಕೀ ಕೈ ಅಷ್ಟ ಕಾಣಸ್ತದ. ಲ್ಯಾಬ್ ಹೋದ್ರ ಹೋಗ್ಲಿ. ಆ ಕೈ ಮತ್ತ ಮುದುಡಿತಂದ್ರ ನನಗ ಬಿಚ್ಚಲಿಕ್ಕೆ ಬರಂಗಿಲ್ಲ."

ನಾನು ಬಾಯಿ ಮುಚ್ಚಿಕೊಂಡು ಬಂದೆ. ಲ್ಯಾಬು ಮುಚ್ಚಿತು. ಅದರ ಮುಂದಿನ ಮಳೆಗಾಲದಲ್ಲಿ ಕಾಕಾ ಹೋದರು. ಕೊನೆಯವರೆಗೂ ಪತ್ರಿಕೆಯ ಸಣ್ಣಕ್ಷರವನ್ನು ಕನ್ನಡಕವಿಲ್ಲದೆ ಓದುತ್ತಿದ್ದರು. ಯಾರೂ ಅದನ್ನು ಗಮನಿಸಲಿಲ್ಲ, ಅಥವಾ ಗಮನಿಸಿದರೂ ಅಷ್ಟೊತ್ತಿಗೆ ಯಾರಿಗೂ ಬೇಕಿರಲಿಲ್ಲ... ಅಕ್ಕಾರು ಆಮೇಲೆ ಹಿತ್ತಲ ತುಂಬ ಗಿಡ ಬೆಳೆಸಿದರು. ಓಣಿಯ ಕೂಸುಗಳಿಗೆಲ್ಲ ಎಣ್ಣೆ ನೀರು ಹಾಕಿದ್ದು ಅವರ ಕೈಯೇ. ನನ್ನ ಮಗಳಿಗೂ ಅವರೇ ಹಾಕಿದರು. ನೀರು ಹಾಕುವಾಗ ಅವರ ಮುಖ ನೋಡಿದರೆ ಕಾಕಾ ಮಾಡಿದ್ದು ಸರಿ ಅನ್ನಿಸುತ್ತಿತ್ತು. ಅಂಗಡಿಗೆ ಬಂದು ಪಕ್ಕದ ಲ್ಯಾಬಿನ ಮುಚ್ಚಿದ ಬಾಗಿಲು ನೋಡಿದರೆ ಸಿಟ್ಟು ಬರುತ್ತಿತ್ತು. ಎರಡೂ ಇವತ್ತಿಗೂ ಹಾಗೆಯೇ ಇವೆ.

ಕಳೆದ ತಿಂಗಳು ಅಕ್ಕಾರೂ ತೀರಿಕೊಂಡರು. ಮೊನ್ನೆ ನಾನು ತಿಕ್ಕುತ್ತಿದ್ದದ್ದು ಅವರ ಅದೇ ಕೊಡ, ನನಗೆ ಕೊಡಬೇಕೆಂದು ಹೇಳಿಟ್ಟಿದ್ದರಂತೆ. ಇನ್ನು ಈ ಮಾತಿನಿಂದ ನೋಯುವವರು ಯಾರೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಉಪ್ಪಿನ ಗೆರೆಯನ್ನು ಕಾಕಾ ಸರಿಯಾಗಿಯೇ ಓದಿದ್ದರು. ಬಂಕಾಪುರದ ಆ ರೈತನ ರಿಪೋರ್ಟೂ ಖರೆಯೇ ಇತ್ತು. ಇದನ್ನು ಕೇಳಬೇಕಾದವರಲ್ಲಿ ಎಷ್ಟು ಜನ ಉಳಿದಿದ್ದಾರೋ ಗೊತ್ತಿಲ್ಲ.

ಕೊಡ ತೊಳೆದು, ಒರೆಸಿ, ತುಳಸಿಯ ಕುಂಡದ ಪಕ್ಕ ಇಟ್ಟೆ. ಗೋಡೆಯಾಚೆ ಈಗ ಮೊಬೈಲ್ ಅಂಗಡಿ. ಆ ಗೋಡೆಗೆ ಮುಖ ಮಾಡಿ, ನಮ್ಮ ಅಂಗಡಿಯಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು, ಬಾಯಿಬಿಟ್ಟು ಹೇಳಿದೆ: "ನಾ ನೋಡಿದ್ದೆನ್ರಿ, ಕಾಕಾ."