ಗೋಡೆಯ ಮೇಲಿನ ಬಿಳಿ ಎತ್ತು

ಗೆಳೆಯರೇ, ಇಂದಿನಿಂದ ನಾನು ಏರ್‌ಬ್ರಷ್ ಕಲಾವಿದ. ಒಂದು ಸ್ಟುಡಿಯೊದಲ್ಲಿ ಫೋಟೊ ತಿದ್ದಲು ಬಳಸಿ ಬಿಟ್ಟ, ಗಾಳಿಯಿಂದ ಬಣ್ಣ ಊದುವ ಹಳೆಯ ಬ್ರಷ್ ಸಿಕ್ಕಿತ್ತು. ಗಾಳಿಗೆ ಲಾರಿಯ ಟ್ಯೂಬು ಜೋಡಿಸಿದೆ. ನಾಳೆ ತಾನ್ಹಾ ಪೋಳಾ, ನಾಗಪುರದ ಮಕ್ಕಳೆಲ್ಲ ಮರದ ಎತ್ತು ಎಳೆದುಕೊಂಡು ಹೊರಡುವ ಹಬ್ಬ. ಮಗಳ ಎತ್ತನ್ನು ಗೋಡೆಗೆ ತಾಗಿಸಿ ನಿಲ್ಲಿಸಿ ನೀಲಿ ಬಣ್ಣ ಊದಿದೆ.

“ಕೈಲೆ ಹಚ್ಚಿದ್ರ ಆಗ್ತಿದ್ದಿಲ್ಲೇನ್ರಿ?” ಎಂದಳು, ಟ್ಯೂಬಿಗೆ ಸೈಕಲ್ ಪಂಪು ಹೊಡೆಯುತ್ತಿದ್ದ ಹೆಂಡತಿ.

“ಕೈಲೆ ಯಾರ್ ಬೇಕಾದ್ರೂ ಹಚ್ತಾರ. ನೀ ಜಲ್ದಿ ಹೊಡಿ.”

ತೀರ ಹತ್ತಿರದಿಂದ ಊದಿದ್ದಕ್ಕೆ ಎತ್ತಿನ ಮೈಮೇಲೆ ಬಣ್ಣ ಧಾರೆಯಾಗಿ ಇಳಿಯಿತು. ಎತ್ತಿಕೊಂಡು ನೋಡಿದರೆ, ಮೊನ್ನೆಯಷ್ಟೇ ಸುಣ್ಣ ಬಳಿದ ಗೋಡೆಯ ತುಂಬ ನೀಲಿ ಮಂಜು. ಅದರ ನಡುವೆ, ಬಣ್ಣ ತಾಗದೆ ಉಳಿದ ಜಾಗದಲ್ಲಿ, ಕೊಂಬು, ಬಾಲ ಸಮೇತ ಒಂದು ಬಿಳಿ ಎತ್ತು. ಅಷ್ಟರಲ್ಲಿ ಮನೆ ಮಾಲಕರು ಬಂದರು.

ಬಹಳ ಹೊತ್ತು ಗೋಡೆ ನೋಡಿದರು. “ಫಾರ್ ಛಾನ್, ಬಹಳ ಚೆನ್ನಾಗಿದೆ. ಯಾರು ಬರೆದದ್ದು?” ಎಂದು ಮರಾಠಿಯಲ್ಲಿ ಕೇಳಿದರು.

“ನಾನೇ” ಎಂದೆ.

“ನಮ್ಮ ಪಡಸಾಲೆಗೂ ನಾಳೆ ಒಂದು ಬರೆದುಕೊಡಿ.” ಆಮೇಲೆ ನನ್ನ ಕೈಯಲ್ಲಿದ್ದ ಎತ್ತಿನತ್ತ ಬೆರಳು ಮಾಡಿ, “ಇದು?” ಎಂದರು.

“ಅದು ನಮ್ಮ ಮನೆಯವಳ ಕೆಲಸ.”

ಹೆಂಡತಿ ಪಂಪನ್ನು ನನ್ನ ಕಾಲ ಬಳಿ ಇಟ್ಟು ಒಳಗೆ ಹೋದಳು.

ಕಲೆ ನನಗೆ ಒಲಿದಿದೆ, ಗೆಳೆಯರೇ. ನಾಳೆ ಗಾಳಿ ಹೊಡೆಯಲು ಮಾತ್ರ ಒಬ್ಬರು ಬೇಕಾಗಿದ್ದಾರೆ.