ಬೀಗರ ಮೇಲೆ ಕಟ್ಟಿದ ಹಾಡು

ಹಾಡಿನ ಸಾಲು ಹೊಳೆದಾಗ ನಮ್ಮ ಕಾಕಾನ ಎಡಹುಬ್ಬು ತಾನಾಗಿ ಮೇಲೇರುತ್ತಿತ್ತು. ಬೆರಳಿಗೆ ಸಿಕ್ಕಿದ್ದರ ಮೇಲೆಲ್ಲ ತಾಳ ಹಾಕುತ್ತಿದ್ದ: ಕೊಡ, ಹೊರಸಿನ ಕಾಲು, ಒಮ್ಮೊಮ್ಮೆ ಪಕ್ಕದಲ್ಲಿ ಕೂತ ನನ್ನ ತಲೆ. ಅಪ್ಪ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಬೆಳೆಸಿದವನು ಅವನೇ. ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ನಗೆನಾಟಕದ ಮೇಳಗಳಿಗೆ ಟೀಕೆಯ ಹಾಡು ಬರೆದೇ ಬದುಕಿದ. ಅರ್ಧ ಕನ್ನಡ, ಅರ್ಧ ಮರಾಠಿ, ಪೂರ್ತಿ ಚೇಷ್ಟೆ.

ಅವನದೊಂದು ಕಟ್ಟಳೆ. ಯಾರ ಮೇಲೆ ಹಾಡು ಕಟ್ಟಿದರೂ ಆಟಕ್ಕೆ ಮೊದಲು ಅವರ ಮನೆಗೇ ಹೋಗಿ ಹಾಡುತ್ತಿದ್ದ. ಅವರು ನಕ್ಕರೆ ಮಾತ್ರ ಅದು ರಂಗಕ್ಕೆ. “ಬೆನ್ನ ಹಿಂದ ಆಡಿದ್ರ ಚಾಡಿ, ಮಾರಿ ಮುಂದ ಆಡಿದ್ರ ಹಾಡು” ಎನ್ನುತ್ತಿದ್ದ.

ಆ ಕಟ್ಟಳೆ ತಪ್ಪಿದ್ದು ನನ್ನ ಮದುವೆ ಗೊತ್ತಾದಾಗ. ಕೊಟ್ಟಿಗೆಯಲ್ಲಿ ನಾಲ್ಕು ಎಮ್ಮೆಯಿದ್ದರೂ ಹಾಲೆಲ್ಲ ಡೇರಿಗೆ ಹಾಕಿ, ಬಂದವರಿಗೆ ಕರಿ ಚಹಾ ಕೊಡುವ ಯಜಮಾನನೊಬ್ಬನ ಸುದ್ದಿ ಸಂತೆಯಲ್ಲಿ ಕೇಳಿದ್ದ. “ಗೋದಲಿಗೆ ನಾಕೆಮ್ಮಿ, ಬಶಿಯೊಳಗ ಕರಿ ನೀರ” ಎಂದು ಹಾಡು ಕಟ್ಟಿದ. ಕಟ್ಟುಕಥೆ ಎಂದುಕೊಂಡು ಯಾರ ಮನೆಗೂ ಹೋಗಲಿಲ್ಲ. ಸದಲಗಾದ ಆಟದಲ್ಲಿ ಈ ಹಾಡು ಬಂದಾಗ ಜನರೆಲ್ಲ ತಿರುಗಿ ಒಬ್ಬರನ್ನೇ ನೋಡಿದರು. ಅವರು ನನಗೆ ಮಾವನಾಗಬೇಕಾದವರು! ನಿಶ್ಚಯಕ್ಕೆ ಹೋದಾಗ ನಮ್ಮವರಿಗೆ ಹಾಲಿನ ಚಹಾ ಕೊಟ್ಟಿದ್ದರಿಂದ ಕಾಕಾಗೆ ಸಂಶಯವೇ ಬಂದಿರಲಿಲ್ಲ.

ಮರುದಿನವೇ ಸಂಬಂಧ ಬೇಡವೆಂದು ಹೇಳಿಕಳಿಸಿದರು. ಅವ್ವ ಒಲೆ ಹಚ್ಚಲಿಲ್ಲ. ನಾನು ದೇವರ ಜಗಲಿ ಮುಂದೆ ಕೂತುಬಿಟ್ಟೆ. ಕಾಕಾ ಟೋಪಿ ಹಾಕಿಕೊಂಡು ಒಬ್ಬನೇ ಸದಲಗಾಕ್ಕೆ ಹೋದ.

ಅಲ್ಲಿ ನಡೆದದ್ದನ್ನು ಮುಂದೆ ಅತ್ತೆ ಹೇಳಿದರು. ಕಾಕಾ ಅಂಗಳದಲ್ಲಿ ನಿಂತು ಮತ್ತೆ ಅದೇ ಹಾಡು ಹಾಡಿದನಂತೆ. ಕೊನೆಗೆ ಊರವರ ಹುಳುಕು ಹುಡುಕಲು ಹೋಗಿ ತನ್ನ ಮನೆಮಗಳ ಲಗ್ನವನ್ನೇ ಮುರಿದ ಮೂರ್ಖನ ಮೇಲೊಂದು ಹೊಸ ನುಡಿಯನ್ನೂ ಸೇರಿಸಿದ.

“ನನ್ನ ಮರ್ಯಾದಿ ಕಳದದ್ದು ಸಾಲಲಿಲ್ಲೇನ್ರಿ?” ಎಂದರು ಮಾವನವರು.

“ಮೊದಲ ಬರಬೇಕಿತ್ರಿ, ತಪ್ಪಾತು. ನೀವು ನಗಲಿಲ್ಲಂದ್ರ ಈ ಹಾಡು ಇವತ್ತಿಗೆ ಸತ್ತಂಗ. ಆದ್ರ ನನ್ನ ತಪ್ಪಿಗೆ ಹುಡುಗೀಗೆ ಶಿಕ್ಷಾ ಬ್ಯಾಡ್ರಿ.”

ಒಳಗಿನಿಂದ ಅತ್ತೆ ಅಂದರಂತೆ: “ಅದರಾಗ ಸುಳ್ಳೇನೈತ್ರಿ? ಲಗ್ನಾಗಿ ಬಂದಾಗಿಂದ ನಾ ಅತ್ತದ್ದನ್ನ ಅವರು ಹಾಡ್ಯಾರ.”

ಮಾವನವರು ಮೀಸೆ ತಿರುವಿ ನಗು ತಡೆಯಲು ನೋಡಿದರು. ಆಗಲಿಲ್ಲ.

ಆ ನಗೆಯಿಂದ ನನಗೆ ಈ ಮನೆ ಸಿಕ್ಕಿತು. ಒಳ್ಳೆಯ ಗಂಡ, ಮಕ್ಕಳು, ನನ್ನ ಪರ ಮಾತಾಡುವ ಅತ್ತೆ. ದೇವರು ಕಡಿಮೆ ಮಾಡಿಲ್ಲ.

ಹೋದ ವರ್ಷ ಕಾಕಾ ಮಲಗಿದಲ್ಲೇ ಹೋದ. ನರಳಲಿಲ್ಲ, ಅದೂ ಪುಣ್ಯವೇ. ಅವನ ಹೆಣದ ಮುಂದೆ ಭಜನೆಯವರು ಒಂದು ಪದ ಮುಗಿಸಿದಾಗ ಮಾವನವರು ಎದ್ದು ನಿಂತರು. ಒಂದು ದಿನವೂ ಹಾಡಿದವರಲ್ಲ. ತಮ್ಮ ಮೇಲೆ ಕಟ್ಟಿದ ಹಾಡನ್ನು ಅಷ್ಟೂ ಜನರೆದುರು, ಒಂದು ನುಡಿಯನ್ನೂ ಬಿಡದೆ ಹಾಡಿದರು.